ಕೆಂಚಿಯ ಕೌದಿ

ನಮ್ಮ ಕಾರಿನ ಬಣ್ಣ ಹಸಿ ಬಟಾಣಿಯದು, ಹೆಸರು ಮಾತ್ರ ಕೆಂಚಿ. ಹಸಿರು ಕಾರಿಗೆ ಇದೆಂಥ ಹೆಸರು ಎಂದು ಯಾರಾದರೂ ನಕ್ಕರೆ ಅಜ್ಜಿ ಗದ್ದ ಎತ್ತಿ, "ಅದು ಮನೆತನದ ಹೆಸರು ಕಣಪ್ಪ" ಎನ್ನುತ್ತಾಳೆ. ಮಾತು ಸುಳ್ಳಲ್ಲ. ಅಜ್ಜ ಹರೆಯದಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದ. ಕೆಂಚು ಮೈಯ ಆ ಕುದುರೆಯೇ ಮೊದಲನೇ ಕೆಂಚಿ. ಅದಕ್ಕೆ ವಯಸ್ಸಾಗಿ, ಹುಲ್ಲುಗಾವಲಿನಲ್ಲಿ ಬಾಲ ಬೀಸಿಕೊಂಡು ಕಾಲ ಕಳೆಯಲು ಶುರು ಮಾಡಿದ ಮೇಲೆ ಅಜ್ಜ ಈ ಕಾರನ್ನು ತಂದು ಬಾಡಿಗೆಗೆ ಓಡಿಸಿದ. ಗಾಡಿಯ ಗಂಟೆ, ಕುದುರೆಯ ಕೌದಿ, ಕುದುರೆಯ ಹೆಸರು, ಎಲ್ಲವೂ ಕಾರಿಗೆ ಬಳುವಳಿಯಾಗಿ ಬಂದವು.

ಗಂಟೆ ಎಲ್ಲೋ ಕಳೆದುಹೋಯಿತು. ಕೌದಿ ಉಳಿಯಿತು. ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಮನೆಯ ಹಳೆಬಟ್ಟೆಯ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದದ್ದು ಅದು. ಹರಿದಲ್ಲಿ ತೇಪೆ, ತೇಪೆ ಹರಿದಲ್ಲಿ ಇನ್ನೊಂದು ತೇಪೆ. ನನ್ನ ಮೊದಲ ಫ್ರಾಕಿನ ಚೂರೂ ಅದರ ಒಂದು ಮೂಲೆಯಲ್ಲಿದೆ. ಓಡಿ ಬಂದ ಕುದುರೆಯ ಮೈಗೆ ಗಾಳಿ ಹೊಡೆಯಬಾರದೆಂದು ಅಜ್ಜ ಅದನ್ನು ಹೊದಿಸುತ್ತಿದ್ದ. ಕಾರು ಬಂದ ಮೇಲೆ ಕಾರಿನ ಮೂತಿಗೆ ಹೊದಿಸಿದ. ಅಜ್ಜ ಹೋದ ಮೇಲೆ ಆ ಕೆಲಸ ಅಜ್ಜಿಯದಾಯಿತು. ಸಂತೆಯಲ್ಲಿ ನಿಲ್ಲಲಿ, ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಲಿ, ಕೆಂಚಿ ನಿಂತಳೋ ಇಲ್ಲವೋ ಅಜ್ಜಿ ಕೆಳಗಿಳಿದು, ಹಿಂದಿನ ಸೀಟಿನಿಂದ ಕೌದಿ ಎಳೆದು, ಬಾನೆಟ್ಟಿನ ಮೇಲೆ ಹರಡಿ, ಮಗುವಿಗೆ ಹೊದಿಸಿದ ಹಾಗೆ ಅಂಚುಗಳನ್ನು ಒತ್ತಿಬಿಡುತ್ತಾಳೆ. ದಾರಿಹೋಕರು ನಗುತ್ತಾರೆ. ಅಜ್ಜಿ ಅವರ ಕಡೆ ನೋಡುವುದೂ ಇಲ್ಲ.

ಕಾರು ಓಡಿಸುವವಳು ನಾನು. ಅಪ್ಪನಿಗೆ ಅದರ ಸಹವಾಸ ಬೇಡ, ಅಮ್ಮನಿಗೆ ಅದರ ವಾಸನೆ ಬೇಡ. ನನಗೋ, ಅಜ್ಜಿಯ ಕಥೆಗಳಲ್ಲಿ ಮಾತಾಡುವ ಗಿಳಿ, ಮುನಿಯುವ ಮರ, ಹಾರುವ ಮಂಚ ಇವುಗಳ ನಡುವೆಯೇ ಬೆಳೆದದ್ದರಿಂದ, ಕಾರಿಗೂ ಒಂದು ಜೀವವಿದೆ ಎಂದರೆ ಆಶ್ಚರ್ಯವೇ ಆಗುತ್ತಿರಲಿಲ್ಲ. ಆದರೆ ಆ ಜೀವಕ್ಕೆ ಅಜ್ಜ ಹೋದ ಮೇಲೆ ಒಂದು ಕೆಟ್ಟ ಹಟ ಹತ್ತಿತ್ತು. ತಣ್ಣಗಿದ್ದಾಗ ಕೆಂಚಿಯಷ್ಟು ಸಾಧು ಯಾರೂ ಇಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಕೂಗಿದ ಕೂಡಲೇ ಓಗೊಡುತ್ತಾಳೆ. ಒಂದಷ್ಟು ದೂರ ಓಡಿ, ಬಿಸಿಯಾಗಿ, ಎಲ್ಲಾದರೂ ಸ್ವಲ್ಪ ಹೊತ್ತು ನಿಂತು ಮತ್ತೆ ಹೊರಡು ಎಂದರೆ ಮಾತ್ರ ಕರ್ರ್ ಕರ್ರ್ ಎಂದು ಗೊಣಗುತ್ತಾಳೆ, ಏಳುವುದಿಲ್ಲ. ಆರಿದ ಮೇಲೆ ತಾನಾಗಿಯೇ ಸರಿಹೋಗುತ್ತಾಳೆ. ನಮ್ಮ ಬೀದಿ ಇಳಿಜಾರು. ಬ್ರೇಕು ಬಿಟ್ಟರೆ ಉರುಳಿಕೊಂಡೇ ಸ್ಟಾರ್ಟ್ ಆಗುತ್ತಿದ್ದಳು. ಆದ್ದರಿಂದ ಆ ಹಟವನ್ನು ನಾವು ಬಹಳ ದಿನ ತಲೆಗೆ ಹಚ್ಚಿಕೊಳ್ಳಲೇ ಇಲ್ಲ.

ತಲೆಗೆ ಹತ್ತಿದ್ದು ಲಾಂಚಿನಲ್ಲಿ.

ನಮ್ಮ ಊರಿಗೂ ಅಜ್ಜಿಯ ಅಕ್ಕನ ಊರಿಗೂ ನಡುವೆ ದೊಡ್ಡ ನದಿ. ಬಸ್ಸು, ಕಾರು, ಕುರಿಮಂದೆ ಎಲ್ಲವನ್ನೂ ತುಂಬಿಕೊಂಡು ಒಂದು ಚಪ್ಪಟೆ ಲಾಂಚ್ ದಾಟಿಸುತ್ತದೆ. ಅಜ್ಜಿಯ ಲೆಕ್ಕದಲ್ಲಿ ಆಚೆ ದಡ ಎರಡು ಕಥೆಗಳಷ್ಟು ದೂರ. ದಾಟುವಾಗ ಎಲ್ಲ ವಾಹನಗಳ ಇಂಜಿನ್ನೂ ಆರಿಸಲೇಬೇಕು, ಅದು ಲಾಂಚಿನ ಯಜಮಾನನ ಕಟ್ಟಪ್ಪಣೆ. ಆತ ಸದಾ ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಇರುತ್ತಾನಾದ್ದರಿಂದ ಎಲ್ಲರಿಗೂ ಸೀಟಿಯಪ್ಪ. ಹೋದ ಸಲ ಆಚೆ ದಡ ಮುಟ್ಟಿ ಸೀಟಿ ಊದಿದಾಗ ಮುಂದಿನ ಸಾಲಿನಲ್ಲಿದ್ದ ಕೆಂಚಿ ಕರ್ರ್ ಎಂದಳು, ಅಷ್ಟೇ. ಹಿಂದೆ ಬಸ್ಸು, ಬಸ್ಸಿನ ಹಿಂದೆ ಕೋಳಿ ತುಂಬಿದ ಲಾರಿ. ಕೋಳಿಗಳೂ ಬೈದವು. ಕೊನೆಗೆ ಬಸ್ಸಿನವರೆಲ್ಲ ಇಳಿದು ನಮ್ಮನ್ನು ದಡದ ಏರಿನ ಮೇಲಕ್ಕೆ ತಳ್ಳಿದರು. ಅಜ್ಜಿ ಮುಂದಿನ ಸೀಟಿನಲ್ಲಿ ಕೂತೇ ಇದ್ದಳು, ಪಲ್ಲಕ್ಕಿಯಲ್ಲಿ ಕೂತ ಮಹಾರಾಣಿಯ ಹಾಗೆ. ಕಿವಿ ಮಾತ್ರ ಕೆಂಪಾಗಿತ್ತು.

ಸೀಟಿಯಪ್ಪ ಸೀಟಿಯನ್ನು ಬಾಯಿಂದ ತೆಗೆದ. ಅವನು ಹಾಗೆ ತೆಗೆದನೆಂದರೆ ಮಾತು ಗಟ್ಟಿ ಎಂದರ್ಥ.

"ನೋಡಿ ತಾಯಿ, ಇನ್ನೊಂದೇ ಒಂದು ಸಲ. ಮುಂದಿನ ಸಲವೂ ಇವಳು ದಡದಲ್ಲಿ ಹೀಗೆ ಮಲಗಿದರೆ, ಆಮೇಲೆ ನನ್ನ ಲಾಂಚಿಗೆ ಇವಳನ್ನ ಹತ್ತಿಸಲ್ಲ. ನೀವು ಬನ್ನಿ, ನಿಮ್ಮ ಮೊಮ್ಮಗಳು ಬರಲಿ, ಈ ಮಾರಾಯ್ತಿ ಬೇಡ."

ಆದರೆ ಕೆಂಚಿ ಇಲ್ಲದೆ ಅಜ್ಜಿ ಬರುವಂತಿಲ್ಲ. ಅವಳ ಮಂಡಿಗಳು ಬಸ್ಸಿನ ಎತ್ತರದ ಮೆಟ್ಟಿಲನ್ನು ಒಪ್ಪುವುದಿಲ್ಲ. ತಗ್ಗಾಗಿ, ಅಗಲವಾಗಿ, ಸೋಫಾದ ಹಾಗಿರುವ ಕೆಂಚಿಯ ಸೀಟೊಂದೇ ಅವಳಿಗೆ ಆಗಿಬರುವುದು. ಅದೂ ಅಲ್ಲದೆ ಆಚೆ ದಡದಲ್ಲಿ ಆ ಅಕ್ಕನಿಗೆ, ಅಂದರೆ ನಮ್ಮ ದೊಡ್ಡಜ್ಜಿಗೆ, ಕಣ್ಣಿನ ಪೊರೆ ತೆಗೆದಿದ್ದರು. ಬಹಳ ಕಾಲದ ಮಬ್ಬು ಹರಿದು ಅವಳಿಗೆ ಲೋಕ ಮತ್ತೆ ಕಾಣುತ್ತಿತ್ತು. ಫೋನಿನಲ್ಲಿ ಒಂದೇ ವರಾತ.

"ಬಾರೇ ಒಂದ್ಸಲ. ನಿನ್ನ ಮುಖ ನೋಡ್ಬೇಕು. ಯಾರಿಗೆ ಹೆಚ್ಚು ಸುಕ್ಕು ಬಂದಿದೆ ಅಂತ ತೀರ್ಮಾನ ಆಗಿಬಿಡ್ಲಿ."

"ನೀನು ಅಕ್ಕ, ನಿನಗೇ ಹೆಚ್ಚು," ಎನ್ನುತ್ತಿದ್ದಳು ಅಜ್ಜಿ.

"ಬಂದು ತೋರಿಸು ಮತ್ತೆ!"

ಫೋನ್ ಇಟ್ಟ ಮೇಲೆ ಅಜ್ಜಿ ಕಿಟಕಿಯಿಂದ ಕೆಂಚಿಯನ್ನು ನೋಡುತ್ತಾ ಕೂರುತ್ತಿದ್ದಳು. ಸೇತುವೆ ದಾರಿಯೆಂದರೆ ದಿನವಿಡೀ ಕುಲುಕಾಟ, ಅವಳ ಸೊಂಟ ಉಳಿಯುವುದಿಲ್ಲ. ಲಾಂಚೂ ತಪ್ಪಿತೆಂದರೆ ಅಕ್ಕತಂಗಿಯರಿಗೆ ಉಳಿಯುವುದು ಫೋನು ಮಾತ್ರ. ಫೋನಿನಲ್ಲಿ ಸುಕ್ಕು ಕಾಣುತ್ತದೆಯೇ?

ನಾನು ಕಾರನ್ನು ಮಾವನ ಗ್ಯಾರೇಜಿಗೆ ಒಯ್ದೆ.

ಮಾವ ಅಂದರೆ ಅಮ್ಮನ ತಮ್ಮ. ಊರಿನ ಮುದಿ ಕಾರುಗಳೆಲ್ಲ ಅವನ ಕೈಯಲ್ಲೇ ನರಳಿ, ಅವನ ಕೈಯಲ್ಲೇ ಚೇತರಿಸಿಕೊಳ್ಳುತ್ತವೆ. ಕೆಲಸ ಚೆನ್ನಾಗಿ ಮಾಡುತ್ತಾನೆ. ಅದಕ್ಕಿಂತ ಚೆನ್ನಾಗಿ ಹೇಳಿಕೊಳ್ಳುತ್ತಾನೆ.

"ಬಾ ಬಾ ಮೋಡದರಸಿ! ಇವತ್ತು ಯಾವ ಲೋಕದಿಂದ ಇಳಿದೆ?" ಎಂದು ನನ್ನ ಹಗಲುಗನಸಿನ ಚಾಳಿಯನ್ನು ಅಣಕಿಸುತ್ತಲೇ ಬಾನೆಟ್ ಎತ್ತಿದ. ಮಾವನ ಗ್ಯಾರೇಜಿನೊಳಕ್ಕೆ ಯಾವ ಕಾರು ಬಂದರೂ ಮೊದಲು ಅದರ ಬಾನೆಟ್ ಮೇಲೇಳುತ್ತದೆ, ಡಾಕ್ಟರ ಮುಂದೆ ಕೂತವರ ನಾಲಗೆ ಹೊರಬರುವ ಹಾಗೆ.

ನಾನು ಕಾಯಿಲೆ ವಿವರಿಸಿದೆ. ಮಾವ ಕೈ ಒರೆಸಿಕೊಂಡ.

"ಬಿಸಿಯಾದವಳು ಏಳಲಿಲ್ಲ ಅಂದ್ರೆ, ಕಿಡಿ ಸರಿ ಇದ್ದರೆ, ಉಳಿದದ್ದು ಎರಡೇ. ಒಂದು ಬಾಯಾರಿಕೆ, ಒಂದು ಅಜೀರ್ಣ. ಪೆಟ್ರೋಲು ಮೇಲೆ ಬರ್ತಾ ಇಲ್ಲ, ಇಲ್ಲಾ ಉಕ್ಕಿ ಬಂದು ಉಸಿರು ಕಟ್ಟಿದೆ. ಬಾಯಾರಿದವಳಿಗೆ ಕುಡಿಸಬೇಕು. ಹೊಟ್ಟೆ ಉಬ್ಬಿದವಳಿಗೆ ಗಾಳಿ ಬಿಡಬೇಕು. ಗೊತ್ತಿಲ್ಲದೆ ಆಕ್ಸಿಲರೇಟರ್ ತುಳಿದು ತುಳಿದು ಅಜೀರ್ಣದವಳಿಗೆ ಇನ್ನಷ್ಟು ಕುಡಿಸಿದೆಯೋ, ಮುಗೀತು ಕಥೆ. ನೀನೇನು ಮಾಡ್ತಿದ್ದೆ?"

"ತುಳೀತಿದ್ದೆ."

"ಭೇಷ್!"

ಆಮೇಲೆ ನನಗೆ ಪೆಟ್ರೋಲ್ ಪಂಪನ್ನು ತೋರಿಸಿದ. ಇಂಜಿನ್ನಿನ ಪಕ್ಕೆಗೆ ಅಂಟಿಕೊಂಡ, ಮುಷ್ಟಿಯಷ್ಟು ಗಾತ್ರದ ಕಬ್ಬಿಣದ ಗುಬ್ಬಿ. ಅದರ ತಲೆಯ ಮೇಲೆ ಒಂದು ಗಾಜಿನ ಬಟ್ಟಲು, ಬಟ್ಟಲಲ್ಲಿ ತಿಳಿಯಾದ ಪೆಟ್ರೋಲು. ಟ್ಯಾಂಕಿನಿಂದ ಹೀರಿಕೊಂಡು ಮೇಲಿನ ಕಾರ್ಬುರೇಟರಿಗೆ ಕೊಡುವುದು ಅದರ ಕೆಲಸ. ಪಕ್ಕದಲ್ಲಿ ಬೆರಳಿನಷ್ಟು ಉದ್ದದ ಒಂದು ಸಣ್ಣ ಹಿಡಿ. ಇಂಜಿನ್ ತಿರುಗದಿದ್ದಾಗಲೂ ಆ ಹಿಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ಪೆಟ್ರೋಲನ್ನು ಮೇಲೆತ್ತಬಹುದು.

ನಾನು ಆ ಬಟ್ಟಲನ್ನೇ ನೋಡುತ್ತ ನಿಂತೆ. ಅಜ್ಜಿಯ ಕಥೆಯ ರಾಕ್ಷಸ ಎಷ್ಟು ಹೊಡೆದರೂ ಸಾಯುವುದಿಲ್ಲ. ಅವನ ಪ್ರಾಣ ಎಲ್ಲೋ ದೂರದಲ್ಲಿ ಗಿಳಿಯ ಕೊರಳಲ್ಲಿರುತ್ತದೆ. ಕೆಂಚಿಯ ಪ್ರಾಣ ಇಲ್ಲಿ ಗಾಜಿನ ಬಟ್ಟಲಲ್ಲಿತ್ತು.

"ಕೆಳಗಿಳಿ, ಮೋಡದರಸಿ. ಸ್ಪಾನರ್ ಕೊಡು," ಎಂದ ಮಾವ.

ಅಲ್ಲಿಂದ ಶುರುವಾಯಿತು ಚಿಕಿತ್ಸೆ. ಪಂಪಿನೊಳಗಿನ ರಬ್ಬರ್ ಪೊರೆ ಬದಲಾಯಿತು. ಕೆಂಚಿಯನ್ನು ಊರೆಲ್ಲ ಸುತ್ತಿಸಿ, ಬಿಸಿ ಮಾಡಿ, ಗ್ಯಾರೇಜಿಗೆ ತಂದು ನಿಲ್ಲಿಸಿ, ಚಹಾ ಕುಡಿದು ಕೀಲಿ ತಿರುಗಿಸಿದರೆ ತಟ್ಟನೆ ಎದ್ದಳು. ಮಾವ ಮೀಸೆ ತಿರುವಿದ. ಮುಂದಿನ ಸಂತೆಯಲ್ಲಿ ಅಜ್ಜಿ ಕೊತ್ತಂಬರಿ ಕೊಂಡು ಬರುವಷ್ಟರಲ್ಲಿ ಮತ್ತೆ ಕರ್ರ್. ಇನ್ನೊಮ್ಮೆ ಪೆಟ್ರೋಲಿನ ಪೈಪನ್ನು ಬಿಸಿ ಸೈಲೆನ್ಸರಿನಿಂದ ದೂರಕ್ಕೆ ಬಗ್ಗಿಸಿದ. ಟ್ಯಾಂಕಿನ ಮುಚ್ಚಳದ ಗಾಳಿತೂತಿಗೆ ಸೂಜಿ ಹಾಕಿ ತೆಗೆದ. ಕಿಡಿ ಕೊಡುವ ಕಾಯಿಲ್ ಹೊಸದಾಯಿತು. ಪ್ರತಿ ಸಲವೂ ಗ್ಯಾರೇಜಿನಲ್ಲಿ ಬಂಗಾರದಂಥ ನಡತೆ, ಸಂತೆಯಲ್ಲಿ ಅದೇ ರಂಪ.

"ಇವಳಿಗೆ ನನ್ನ ಕಂಡ್ರೆ ಹೆದರಿಕೆ," ಎಂದ ಮಾವ. ಮೀಸೆ ಈಗ ಸ್ವಲ್ಪ ಜೋತಿತ್ತು. "ಹೊರಗೆ ಹೋದಾಗ ನೀನೇ ಏನೋ ಮಾಡ್ತೀಯ."

"ನಾನೇನು ಮಾಡ್ಲಿ ಮಾವ? ಇಲ್ಲಿ ತಿರುಗಿಸಿದ ಕೀಲಿಯನ್ನೇ ಅಲ್ಲೂ ತಿರುಗಿಸ್ತೀನಿ."

"ಹಾಗಾದ್ರೆ ಅಲ್ಲೇನಿದೆ, ಇಲ್ಲೇನಿಲ್ಲ?"

ನಾನು ಯೋಚಿಸಿದೆ. ಅಲ್ಲಿ ಸಂತೆ ಇದೆ, ನದಿ ಇದೆ, ಸೀಟಿಯಪ್ಪ ಇದ್ದಾನೆ. ಸಂತೆಗೂ ನದಿಗೂ ಸಾಮಾನ್ಯವಾದದ್ದು ಒಂದೇ ಕಂಡಿತು.

"ಅಜ್ಜಿ ಇದಾಳೆ," ಎಂದೆ.

ಮಾವ ಹೋ ಎಂದು ನಕ್ಕ. "ಸರಿ, ನಾಳೆ ನಿಮ್ಮಜ್ಜೀನೂ ಕರ್ಕೊಂಡು ಬಾ. ಆಚೆ ದಡಕ್ಕೆ ಹೇಗೆ ಹೋಗ್ತೀರೋ ಹಾಗೇ ಬನ್ನಿ. ಬುತ್ತಿ ಗಂಟೂ ಇರ್ಲಿ."

ಮರುದಿನ ಅಜ್ಜಿ ಒಳ್ಳೆಯ ಬಟ್ಟೆ ಉಟ್ಟು, ಬುತ್ತಿ ಕಟ್ಟಿಕೊಂಡು, ಪ್ರಯಾಣಕ್ಕೇ ಹೊರಟವಳ ಹಾಗೆ ಬಂದಳು. ಊರು ಸುತ್ತಿ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮಾವ ಅಭ್ಯಾಸಬಲದಿಂದ ಬಾನೆಟ್ಟಿಗೆ ಕೈ ಹಾಕಿದ.

"ಲಾಂಚಿನಲ್ಲಿ ನೀನಿರಲ್ಲ ಮಾವ. ಕೈ ತೆಗಿ," ಎಂದೆ. ಅವನು ಕೈಕಟ್ಟಿ ನಿಂತ. ಅಜ್ಜಿ ಇಳಿದಳು. ಕೌದಿ ಎಳೆದಳು. ಬಾನೆಟ್ಟಿನ ಮೇಲೆ ಹರಡಿದಳು, ಮುಂದಿನ ಜಾಲರಿಯ ಮೇಲೆ ಇಳಿಬಿಟ್ಟಳು, ಎರಡೂ ಕಡೆ ಒತ್ತಿದಳು. "ದಣಿದಿದಾಳೆ ಪಾಪ," ಎಂದು ಮೇಲೆ ಎರಡು ಬಾರಿ ತಟ್ಟಿದಳು.

ಮಾವನ ಕಣ್ಣು ಕೌದಿಯ ಮೇಲೆ ನೆಟ್ಟಿತು. ನನ್ನ ಕಣ್ಣು ಮಾವನ ಮೇಲೆ. ಚಹಾ ಬಂತು, ಕುಡಿದೆವು. ಅಜ್ಜಿ ಒಂದು ಕಥೆ ಹೇಳಿದಳು. ಮಾವನಿಗೆ ಅದರ ಒಂದಕ್ಷರವೂ ಕೇಳಿಸಲಿಲ್ಲವೆಂದು ನನಗೆ ಗೊತ್ತು. ಕಥೆ ಮುಗಿದ ಮೇಲೆ ಕೀಲಿ ತಿರುಗಿಸಿದೆ.

ಕರ್ರ್ ಕರ್ರ್ ಕರ್ರ್.

ಮಾವ ಕೌದಿ ಸರಿಸಿ ಬಾನೆಟ್ ಎತ್ತಿದ. ಒಲೆಯ ಬಾಯಿ ತೆರೆದಂತೆ ಕಾವು ಮುಖಕ್ಕೆ ಬಡಿಯಿತು. ಗಾಜಿನ ಬಟ್ಟಲು ಬರಿದಾಗಿತ್ತು. ತಳದಲ್ಲಿ ಉಳಿದಿದ್ದ ಚೂರು ಪೆಟ್ರೋಲು ಗುಳುಗುಳು ಕುದಿಯುತ್ತಿತ್ತು, ಅನ್ನದ ಗಂಜಿಯ ಹಾಗೆ.

"ಸಿಕ್ಕಿದಳು ಕಳ್ಳಿ," ಎಂದು ಮಾವ ಪಿಸುಗುಟ್ಟಿದ. "ನೋಡು. ಇಂಜಿನ್ ನಿಂತ ಕೂಡಲೇ ಫ್ಯಾನೂ ನಿಲ್ಲುತ್ತೆ, ನೀರೂ ನಿಲ್ಲುತ್ತೆ. ಕಾವು ಹೋಗೋಕೆ ಜಾಗ ಇಲ್ದೆ ಇನ್ನೂ ಏರುತ್ತೆ. ಅದರ ಮೇಲೆ ಇದನ್ನೂ ಹೊದಿಸಿದ್ರೆ? ಪೆಟ್ರೋಲು ಆವಿ ಆಗಿಬಿಡುತ್ತೆ. ಪಂಪು ಆವಿ ಹೀರಿ ಆವಿ ಕೊಡುತ್ತೆ. ಬಾಯಾರಿಕೆ ಇದು, ಶುದ್ಧ ಬಾಯಾರಿಕೆ!"

"ಏನಂತೆ?" ಎಂದಳು ಅಜ್ಜಿ ಬೆಂಚಿನಿಂದ.

ಮಾವ ನನ್ನ ಮುಖ ನೋಡಿದ. "ನೀನೇ ಹೇಳು."

"ಮೆಕ್ಯಾನಿಕ್ ನೀನು."

"ಅಕ್ಕನ ಅತ್ತೆ ಕಣೇ ಅವರು! ಬೀಗರ ಮನೆಯ ಹಿರಿಯರಿಗೆ ನಿಮ್ಮಿಂದಲೇ ಕೆಟ್ಟಿದ್ದು ಅಂತ ನಾನು ಹೇಳಿದ್ರೆ ನಿಮ್ಮಮ್ಮ ನನ್ನನ್ನ ಮನೆಗೆ ಸೇರಿಸ್ತಾಳಾ? ನೀನು ಮೊಮ್ಮಗಳು. ಮೊಮ್ಮಗಳ ಮಾತು ಮುತ್ತು." ಹಾಗೆಂದವನೇ ಏನೋ ಹುಡುಕುವವನಂತೆ ಕಾರಿನ ಕೆಳಗೆ ತೂರಿಕೊಂಡುಬಿಟ್ಟ. ಎರಡು ಕಾಲು ಮಾತ್ರ ಹೊರಗೆ.

ನಾನು ಅಜ್ಜಿಯ ಪಕ್ಕ ಕೂತು, ಸುತ್ತಿ ಬಳಸಿ, ಕೊನೆಗೆ ಹೇಳಿದೆ. ಅಜ್ಜಿ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು.

"ಅಂದ್ರೆ ನಿಮ್ಮಜ್ಜ ಇಷ್ಟು ವರ್ಷ ತಪ್ಪು ಮಾಡ್ತಿದ್ರಾ?"

"ಹಾಗಲ್ಲ ಅಜ್ಜಿ..."

"ಮತ್ತೆ ಹೇಗೆ? ಅವರೂ ಹೊದಿಸ್ತಿದ್ರು, ನಾನೂ ಹೊದಿಸ್ತೀನಿ. ಅವರ ಕೈಯಲ್ಲಿ ಒಂದು ದಿನವೂ ಕೆಂಚಿ ದಾರೀಲಿ ನಿಲ್ಲಲಿಲ್ಲ. ನಿಮ್ಮ ಪಂಪು ಕೆಟ್ಟಿದ್ದಕ್ಕೆ ನನ್ನ ಕೌದಿ ಮೇಲೆ ಗೂಬೆ ಕೂರಿಸ್ಬೇಡಿ!"

ಕಾರಿನ ಕೆಳಗಿನ ಕಾಲುಗಳು ಇನ್ನಷ್ಟು ಒಳಗೆ ಸರಿದವು.

ಅಜ್ಜಿ ಹೇಳಿದ್ದರಲ್ಲಿ ನ್ಯಾಯವಿತ್ತು. ಅದೇ ಕೌದಿ, ಅದೇ ಕಾರು. ಅಜ್ಜನಿಗೆ ಆಗದ ತೊಂದರೆ ಅಜ್ಜಿಗೇಕೆ? ಅಜ್ಜಿಯ ಕಣ್ಣಂಚು ಒದ್ದೆಯಾಗುವುದನ್ನು ಕಂಡು ಗಾಬರಿಯಾಯಿತು. ಹಾಗಾದಾಗ ನನಗೆ ಗೊತ್ತಿರುವುದು ಒಂದೇ ಮದ್ದು.

"ಅಜ್ಜಿ, ಸೂಲಗಿತ್ತಿ ಕಥೆ ಹೇಳು."

"ಈಗ್ಯಾಕೆ ಅದು?"

"ಹೇಳು ಅಜ್ಜಿ."

ಕಥೆ ಕೇಳಿದರೆ ಅಜ್ಜಿ ಇಲ್ಲವೆನ್ನಲಾರಳು. ಮೂಗೊರೆಸಿಕೊಂಡು ಶುರು ಮಾಡಿದಳು. "ನಿಮ್ಮಪ್ಪ ಹುಟ್ಟೋ ದಿನ. ನನಗೆ ನೋವು ಬಂತು. ಸೂಲಗಿತ್ತಿ ಪಕ್ಕದ ಊರಲ್ಲಿ. ನಿಮ್ಮಜ್ಜ ಕೆಂಚೀನ ಗಾಡಿಗೆ ಕಟ್ಟಿ ಹೊಡೆದ್ರು ನೋಡು, ಗಾಳಿಗೆ ಸವಾಲು! ಅವಳನ್ನ ಹತ್ತಿಸಿಕೊಂಡು ಬಂದು ಬಾಗಿಲಿಗೆ ಇಳಿಸಿದ್ರು. ಕೆಂಚಿ ಮೈಯೆಲ್ಲಾ ನೊರೆ. ಒಳಗೆ ನಾನು ಅಯ್ಯೋ ಅಮ್ಮಾ ಅಂತ ಕೂಗ್ತಿದೀನಿ. ಈ ಮಹಾರಾಯರು ಒಳಗೆ ಬಂದ್ರಾ? ಇಲ್ಲ! ಹೊರಗೆ ಬಾವಿ ಸುತ್ತ ಕುದುರೇನ ಅಡ್ಡಾಡಿಸ್ತಾ ಇದಾರೆ. ಟಕ್, ಟಕ್, ಟಕ್. ಅದರ ಬೆವರು ಆರೋವರೆಗೂ, ಮೂಗಿನ ಬಿಸಿ ಉಸಿರು ಇಳಿಯೋವರೆಗೂ ಸುತ್ತಿದ್ದೇ ಸುತ್ತಿದ್ದು. ಅದು ತಣ್ಣಗಾದ ಮೇಲೆ ಕೌದಿ ಹೊದಿಸಿ, ಆಮೇಲೆ ಬಂದು ಮಗೂನ ನೋಡಿದ್ರು. ಹೆಂಡತಿಗಿಂತ ಕುದುರೆ ಹೆಚ್ಚಾಯ್ತಾ ಅಂತ ನಾನು ಸಾಯೋವರೆಗೂ ಆಡಿಕೊಂಡೆ... ಅವರು ಸಾಯೋವರೆಗೂ."

ಕಾರಿನ ಕೆಳಗಿನ ಕಾಲುಗಳು ಅಲುಗದೆ ನಿಂತಿದ್ದವು.

ನಾನು ಆ ಕಥೆಯನ್ನು ಎಷ್ಟು ಸಾರಿ ಕೇಳಿದ್ದೇನೋ. ಬಾವಿಯ ಸುತ್ತ ತಿರುಗುವ ಗೊರಸಿನ ಸದ್ದಿಗೆ ನಿದ್ದೆ ಹೋಗಿದ್ದೇನೆ. ಆ ಹೊತ್ತು ಮೊದಲ ಬಾರಿಗೆ ಎಚ್ಚರವಾಗಿ ಕೇಳಿದೆ.

"ಅಜ್ಜಿ, ಬಿಸಿ ಇರುವಾಗಲೇ ಯಾಕೆ ಹೊದಿಸಲಿಲ್ಲ ಅಜ್ಜ?"

"ಅದು ಹೇಗೆ ಹೊದಿಸ್ತಾರೆ? ಒಳಗಿನ ಕಾವು ಒಳಗೇ ಬೆಂದು ಕುದುರೆ ಬೀಳಲ್ವಾ? ಮೊದಲು ಅಡ್ಡಾಡಿಸಿ ಆರಿಸಬೇಕು, ಆಮೇಲೆ..." ಅಜ್ಜಿ ಮಡಿಲಲ್ಲಿದ್ದ ಕೌದಿಯ ಕಡೆ ನೋಡಿದಳು.

ನನಗೆ ಸಣ್ಣವಳಿದ್ದಾಗಿನ ಸಂಜೆಗಳು ಕಣ್ಣಿಗೆ ಬಂದವು. ಅಜ್ಜ ಬಾಡಿಗೆ ಮುಗಿಸಿ ಬಂದು ಕಾರಿನ ಬಾನೆಟ್ ಎತ್ತಿಟ್ಟು, ಎದುರಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಕಾರಿನ ತೆರೆದ ಬಾಯನ್ನೇ ನೋಡುತ್ತ ಬೀಡಿ ಸೇದುತ್ತಿದ್ದ. ಅವನು ಕೆಂಚಿಗೆ ಕಥೆ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ ನಾನು.

"ಅಜ್ಜ ಬಾನೆಟ್ ತೆಗೆದು ಕೂರ್ತಿದ್ದ ಅಜ್ಜಿ. ಎಷ್ಟೋ ಹೊತ್ತು. ಆಮೇಲೆ ಮುಚ್ಚಿ ಹೊದಿಸ್ತಿದ್ದ. ನೀನು ನೋಡಿಲ್ವಾ?"

"ನಾನೆಲ್ಲಿ ನೋಡ್ಲಿ?" ಎಂದಳು ಅಜ್ಜಿ ಮೆಲ್ಲಗೆ. "ಅವರು ಬಂದ ಸದ್ದು ಕೇಳಿ ಒಲೆ ಹಚ್ಚೋಳು ನಾನು. ಊಟಕ್ಕೆ ಕರೆಯೋಕೆ ಹೊರಗೆ ಬರೋ ಹೊತ್ತಿಗೆ ಹೊದಿಸ್ತಾ ಇರ್ತಿದ್ರು." ಆಮೇಲೆ ಹಣೆಗೆ ಕೈ ಬಡಿದುಕೊಂಡು ನಗಲು ಶುರು ಮಾಡಿದಳು. "ಅಯ್ಯೋ ನನ್ನ ಕರ್ಮವೇ! ಅರ್ಧ ಪೂಜೆ ಕಲಿತ ಪೂಜಾರಿ ಆದೆನಲ್ಲೇ ನಾನು! ಪಾಪ, ಓಡಿ ಬಂದವಳಿಗೆ ಉಸಿರು ಬಿಡೋಕೂ ಬಿಡದೆ ಮುಸುಕು ಹಾಕ್ತಿದ್ದೆ. ಹೊರಗೆ ಬಾರಪ್ಪಾ, ಕಾರಿನ ಕೆಳಗೆ ಎಷ್ಟು ಹೊತ್ತು ಅಡಗಿರ್ತೀಯ? ನಾನು ನಿನ್ನ ತಿನ್ನಲ್ಲ."

ಮಾವ ಮುಖಕ್ಕೆ ಮಸಿ ಬಳಿದುಕೊಂಡು ಹೊರಬಂದ. "ಏನೋ ಒಂದು ಬೋಲ್ಟ್ ಸಡಿಲ ಇತ್ತು ಅಮ್ಮಾ," ಎಂದ.

"ನಿನ್ನ ತಲೇಲಿ," ಎಂದಳು ಅಜ್ಜಿ.

ಹೊರಡುವ ದಿನ ಬಿಸಿಲು ಚುರುಕಾಗಿತ್ತು. ಮಾವ ಜೊತೆಗೆ ಬರಲಿಲ್ಲ. "ನನ್ನೆದುರು ಇವಳು ಯಾವತ್ತೂ ಹಟ ಮಾಡಿಲ್ಲ. ನಾನಿಲ್ಲದೆ ಎದ್ದರೇನೇ ಗೆದ್ದ ಹಾಗೆ," ಎಂದು ಈ ದಡದಲ್ಲೇ ನಿಂತು, ಲಾಂಚ್ ಹೊರಟ ಮೇಲೂ ಕೂಗುತ್ತಲೇ ಇದ್ದ. "ಗಾಜು ನೋಡು! ಗುಳ್ಳೆ ಇದ್ರೆ ಹಿಡಿ ಒತ್ತು! ಹೆದರಿ ತುಳೀಬೇಡ..." ಕೊನೆಗೆ ಅವನ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ನಾವು ಮತ್ತೆ ಮುಂದಿನ ಸಾಲಿನಲ್ಲೇ. ಇಂಜಿನ್ ಆರಿಸಿದ ಕೂಡಲೇ ಬಾನೆಟ್ ಎತ್ತಿದೆ. ಅಜ್ಜಿ ಕೌದಿಯನ್ನು ಮಡಿಸಿ ಕಟಕಟೆಯ ಪಕ್ಕದ ಬೆಂಚಿಗೆ ಹಾಕಿ ಅದರ ಮೇಲೆ ಕೂತಳು. ನದಿಯ ಗಾಳಿ ನೇರವಾಗಿ ಕೆಂಚಿಯ ಬಾಯೊಳಕ್ಕೆ ಬೀಸುತ್ತಿತ್ತು. ಗಾಜಿನ ಬಟ್ಟಲು ತುಂಬಿತ್ತು, ತಿಳಿಯಾಗಿತ್ತು. ನಾನು ಅದನ್ನೇ ನೋಡುತ್ತ, ನದಿಯ ತಳದಲ್ಲಿ ಇಂಥದೇ ಒಂದು ಗಾಜಿನ ಮನೆ, ಅದರಲ್ಲಿ ಒಬ್ಬಳು ರಾಜಕುಮಾರಿ...

ಪೀಪ್!

ಬೆಚ್ಚಿಬಿದ್ದೆ. ಮೇಲಿನ ಕೋಣೆಯಿಂದ ಸೀಟಿಯಪ್ಪ ಕೈ ಬೀಸುತ್ತಿದ್ದ. "ಆ ಬಾಯಿ ಮುಚ್ಚಿಸ್ರೀ! ನನಗೆ ದಡ ಕಾಣ್ತಿಲ್ಲ!"

"ಇನ್ನೂ ಸ್ವಲ್ಪ ಹೊತ್ತು ಬಿಡಪ್ಪಾ, ಆರಲಿ!" ಎಂದು ಅಜ್ಜಿ ಕೂಗಿದಳು.

"ನಿಮ್ಮ ಕಾರು ಆರೋದು ಮುಖ್ಯವೋ, ಲಾಂಚ್ ಬಂಡೆಗೆ ಬಡಿಯದೆ ಇರೋದು ಮುಖ್ಯವೋ?"

ಬಾನೆಟ್ ಮುಚ್ಚಿದೆ. ಇನ್ನೂ ಒಂದು ಪೂರ್ತಿ ಕಥೆಯಷ್ಟು ನದಿ ಉಳಿದಿತ್ತು. ತಗಡಿನ ಮೇಲೆ ಅಂಗೈ ಇಟ್ಟರೆ ಒಳಗಿನ ಕಾವು ಮತ್ತೆ ಏರುವುದು ತಿಳಿಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಯಾರೋ, "ಇವತ್ತೂ ತಳ್ಳೋದು ಇದೆಯಾ ತಂಗೀ? ತೋಳು ಮಡಿಸಿಕೊಳ್ಳಬೇಕಾ ಹೇಗೆ?" ಎಂದರು. ಎಲ್ಲರೂ ನಕ್ಕರು.

ಅಜ್ಜಿ ನಗಲಿಲ್ಲ. ಆಚೆ ದಡದಲ್ಲಿ ಒಂದು ಪುಟ್ಟ ಬಿಳಿ ಚುಕ್ಕೆ ಕಾಣುತ್ತಿತ್ತು. ದೊಡ್ಡಜ್ಜಿ ಕೊಡೆ ಹಿಡಿದು ನಿಂತಿದ್ದಳು. ಅಜ್ಜಿ ಅದನ್ನೇ ನೋಡಿದಳು. ಆಮೇಲೆ ಬುತ್ತಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಡಬ್ಬಿಗಳನ್ನು ಬೆಂಚಿನ ಮೇಲಿಟ್ಟು, ಲಾಂಚಿನ ಬಕೆಟ್ಟಿಗೆ ಹಗ್ಗ ಕಟ್ಟಿಕೊಂಡು ನೀರು ಸೇದುತ್ತಿದ್ದವನ ಮುಂದೆ ಹಿಡಿದಳು.

"ಇದನ್ನ ಅದ್ದಿ ಕೊಡಪ್ಪ." ನನ್ನ ಕಡೆ ತಿರುಗಿ, "ಬಿಸಿಲುಗಾಲದಲ್ಲಿ ನಿಮ್ಮಜ್ಜ ಕುದುರೆ ಕೊರಳಿಗೆ ಒದ್ದೆ ಬಟ್ಟೆ ಸುತ್ತುತಿದ್ರು. ಇವಳ ಕೊರಳು ಯಾವುದೇ?"

"ಪಂಪು ಅಜ್ಜಿ!"

ಸೀಟಿಯಪ್ಪನ ಕಣ್ಣು ತಪ್ಪಿಸಿ ಬಾನೆಟ್ಟನ್ನು ಒಂದು ಗೇಣು ಮಾತ್ರ ಎತ್ತಿದೆ. ಅಜ್ಜಿ ತನ್ನ ತಲೆಯನ್ನೇ ಆಸರೆಯಾಗಿ ಕೊಟ್ಟಳು. ಒಳಗೆ ಕೈ ತೂರಿಸಿ ತಣ್ಣನೆಯ ಬಟ್ಟೆಯನ್ನು ಪಂಪಿಗೆ ಸುತ್ತಿದೆ. ಚುಯ್ ಎಂದಿತು. ಬಟ್ಟಲಲ್ಲಿ ಆಗಲೇ ಗುಳ್ಳೆಗಳೆದ್ದಿದ್ದವು, ಪೆಟ್ರೋಲು ಅರ್ಧಕ್ಕೆ ಇಳಿದಿತ್ತು. ಹಿಡಿಯನ್ನು ಬೆರಳಿನಿಂದ ಒತ್ತಿದೆ. ಒತ್ತಿದೆ. ಏನೂ ಬರಲಿಲ್ಲ. ಬಟ್ಟೆ ತೆಗೆದು, ಮತ್ತೆ ಅದ್ದಿಸಿ, ಮತ್ತೆ ಸುತ್ತಿ ಒತ್ತಿದೆ. ಗುಳ್ಳೆ ಒಂದೊಂದಾಗಿ ಒಡೆದವು. ಗಾಜಿನ ತಳದಿಂದ ತಿಳಿ ಪೆಟ್ರೋಲು, ಬಾವಿಯ ಸೆಲೆಯ ಹಾಗೆ, ಮೆಲ್ಲಗೆ ಏರತೊಡಗಿತು.

"ಬಂತು ಅಜ್ಜಿ!"

"ನನ್ನ ಕತ್ತೂ ಬಂತು ಕೈಗೆ. ಇಳಿಸು ಬೇಗ!"

ದಡ ಬಂತು. ಸರಪಳಿ ಕಳಚಿತು, ಮುಂದಿನ ಹಲಗೆ ದಡಾರನೆ ನೆಲಕ್ಕೆ ಬಿತ್ತು. ಸೀಟಿಯಪ್ಪ ಕೆಳಗಿಳಿದು ಬಂದು ಕೆಂಚಿಯ ಎದುರೇ ನಿಂತ. ಸೀಟಿ ಬಾಯಲ್ಲಿತ್ತು, ಎರಡೂ ಕೈ ಸೊಂಟದ ಮೇಲೆ. ಅಜ್ಜಿ ಸೀಟಿನಲ್ಲಿ ಕೂತು ಕೌದಿಯನ್ನು ತಬ್ಬಿ ಕಣ್ಣು ಮುಚ್ಚಿದಳು. ನನ್ನ ಬಲಗಾಲು ತುಳಿ ತುಳಿ ಎಂದು ತವಕಿಸುತ್ತಿತ್ತು. ಅದನ್ನು ನೆಲಕ್ಕೆ ಒತ್ತಿಟ್ಟುಕೊಂಡೆ.

ಪೀಪ್!

ಕೀಲಿ ತಿರುಗಿಸಿದೆ. ಕರ್ರ್. 

ಬಸ್ಸಿನೊಳಗೆ ಯಾರೋ ನಗಲು ಉಸಿರೆಳೆದುಕೊಂಡರು.

ಕರ್ರ್, ಡುರ್, ಡುರುಡುರುಡುರು! ಕೆಂಚಿ ಮೈ ಕೊಡವಿಕೊಂಡು ಎದ್ದಳು. ಪಕ್ಕಕ್ಕೆ ಸರಿದ ಸೀಟಿಯಪ್ಪನನ್ನು ಹಾದು, ಹಲಗೆ ದಾಟಿ, ಏರು ಹತ್ತಿದಳು. ಅವನ ಬಾಯಿಂದ ಸೀಟಿ ಜಾರಿ ಎದೆಯ ಮೇಲೆ ನೇತಾಡುತ್ತಿತ್ತು. ಅಜ್ಜಿ ಕಿಟಕಿಯಿಂದ ಕತ್ತು ಹೊರಹಾಕಿ, "ಸಂಜೆ ಬರ್ತೀವಪ್ಪಾ! ಜಾಗ ಇಟ್ಟಿರು!" ಎಂದಳು. ಹಿಂದಿನಿಂದ ಬಸ್ಸಿನವರ ಚಪ್ಪಾಳೆ, ಕೋಳಿಗಳ ಗದ್ದಲ. ಆ ದಿನವೂ ಕೋಳಿ ಲಾರಿ ಇತ್ತೆಂಬುದು ನನಗೆ ಆಗಲೇ ತಿಳಿದದ್ದು.

ಏರಿನ ಮೇಲೆ ದೊಡ್ಡಜ್ಜಿ ಹೊಸ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದಳು. ಅವಳನ್ನು ಹಿಂದೆ ಕೂರಿಸಿಕೊಂಡು ಮನೆಯಂಗಳಕ್ಕೆ ಬಂದು ನಿಲ್ಲಿಸಿದೆವು. ದೊಡ್ಡಜ್ಜಿ ಇಳಿದು, ಕೆಂಚಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದಳು.

"ಇಷ್ಟೇ ಚಿಕ್ಕದೇನೇ ಈ ಕಾರು? ಕಣ್ಣು ಕಾಣದೆ ಇದ್ದಾಗ ದೊಡ್ಡದಿತ್ತು!" ಆಮೇಲೆ ತಂಗಿಯ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. "ಹೂಂ. ನಾನೇ ಗೆದ್ದೆ. ನಿನಗೇ ಹೆಚ್ಚು."

"ಕನ್ನಡಕ ಒರೆಸ್ಕೊಂಡು ನೋಡು," ಎಂದಳು ಅಜ್ಜಿ. ಒರೆಸಿಕೊಳ್ಳಬೇಕಾದದ್ದು ಇಬ್ಬರಿಗೂ ಇತ್ತು.

ದೊಡ್ಡಜ್ಜಿಗೆ ಕೌದಿ ಕಂಡಿತು. ಮನೆಯ ರೂಢಿ ಅವಳಿಗೂ ಗೊತ್ತು. ಸೀಟಿನಿಂದ ಎಳೆದು ಬಾನೆಟ್ಟಿನ ಕಡೆ ಹೊರಟಳು. ಅಜ್ಜಿ ಅವಳ ಕೈಗೆ ಪಟ್ ಎಂದು ಹೊಡೆದಳು.

"ತಡಿಯೇ! ಓಡಿ ಬಂದವಳು. ಮೊದಲು ಬಾಯಿ ತೆರೆದು ಉಸಿರು ಬಿಡ್ಲಿ. ಅಡ್ಡಾಡಿ ಆರಿದ ಮೇಲೆ ಹೊದಿಸೋದು."

"ಕಾರು ಎಲ್ಲಿ ಅಡ್ಡಾಡುತ್ತೇ?"

ಅಜ್ಜಿ ಒಂದು ಗಳಿಗೆ ಯೋಚಿಸಿದಳು. "ಅದರ ಬದಲು ನಾವು ಅಡ್ಡಾಡೋಣ, ಬಾ."

ನಾನು ಬಾನೆಟ್ ಎತ್ತಿಟ್ಟು, ಮೆಟ್ಟಿಲ ಮೇಲೆ ಕೂತೆ. ಅಕ್ಕತಂಗಿಯರಿಬ್ಬರು ತೋಳಿಗೆ ತೋಳು ಸೇರಿಸಿ, ನೋಯುವ ಮಂಡಿಗಳನ್ನು ಬೈದುಕೊಳ್ಳುತ್ತ, ಕೆಂಚಿಯ ಸುತ್ತ ಮೆಲ್ಲಗೆ ಸುತ್ತತೊಡಗಿದರು. ದೊಡ್ಡಜ್ಜಿಯ ಕೋಲಿನ ಸದ್ದು ಅಂಗಳದ ಕಲ್ಲಿನ ಮೇಲೆ ಟಕ್, ಟಕ್, ಟಕ್ ಎನ್ನುತ್ತಿತ್ತು.

"ನಿಮ್ಮ ಭಾವ ಹೀಗೇ ಮಾಡ್ತಿದ್ರು ಅಂತ ನಿನಗೆ ಹೇಳಿದೀನಾ?" ಎಂದಳು ಅಜ್ಜಿ.

"ನನಗೆ ಭಾವ ಹೇಗಾಗ್ತಾರೆ? ನಿನ್ನ ಗಂಡ ನನಗೆ ಮೈದುನ!"

"ಸುಮ್ನೆ ಕೇಳು. ನನ್ನ ಮಗ ಹುಟ್ಟೋ ದಿನ..."